ಮೊದಲು ಕೊಳವೆ, ಆಮೇಲೆ ಟೈಲ್ಸ್: ಇಂಗ್ಲೆಂಡಿನಲ್ಲಿ ಮಲಗುವ ಕೋಣೆಯನ್ನು ಬಚ್ಚಲುಮನೆ ಮಾಡುವ ಬಗೆ

ಇಂಗ್ಲೆಂಡಿನ ಊರುಗಳಲ್ಲಿ ಕಾಣುವ ಹಳೆಯ ಸಾಲುಮನೆಗಳಲ್ಲಿ ಬಹಳಷ್ಟು ವಿಕ್ಟೋರಿಯಾ ರಾಣಿಯ ಕಾಲದವು. ಕಟ್ಟಿದಾಗ ಅವುಗಳಲ್ಲಿ ಹೆಚ್ಚಿನವಕ್ಕೆ ಬಚ್ಚಲುಮನೆ ಎಂಬುದೇ ಇರಲಿಲ್ಲ. ಶೌಚಾಲಯ ಹಿತ್ತಲಲ್ಲಿತ್ತು, ಸ್ನಾನಕ್ಕೆ ತಗಡಿನ ತೊಟ್ಟಿಯನ್ನು ಒಲೆಯ ಮುಂದೆ ತಂದಿಟ್ಟುಕೊಳ್ಳುತ್ತಿದ್ದರು. ಮುಂದೆ ಒಳಗೇ ಬಚ್ಚಲು ಬೇಕೆನಿಸಿದಾಗ ಅಡುಗೆಮನೆಯ ಹಿಂಬದಿಗೆ ಒಂದು ತುಂಡು ಕಟ್ಟಡ ಸೇರಿಸಿದರು. ಹೀಗಾಗಿ ಇಂದಿಗೂ ಎಷ್ಟೋ ಮನೆಗಳಲ್ಲಿ ಮಲಗುವ ಕೋಣೆಗಳೆಲ್ಲ ಮಹಡಿಯ ಮೇಲೆ, ಬಚ್ಚಲು ಮಾತ್ರ ಕೆಳಗೆ, ಅದೂ ಅಡುಗೆಮನೆ ದಾಟಿದ ಮೇಲೆ. ಇಂಥ ಮನೆ ಕೊಂಡ ಕನ್ನಡಿಗ ದಂಪತಿಗೆ ಊರಿನಿಂದ ಅಪ್ಪ ಅಮ್ಮ ಬಂದಾಗ ತೊಂದರೆ ಮನವರಿಕೆಯಾಗುತ್ತದೆ. ಎಪ್ಪತ್ತು ದಾಟಿದವರು ನಡುರಾತ್ರಿಯಲ್ಲಿ ಕಡಿದಾದ ಮೆಟ್ಟಿಲು ಇಳಿದು ಹತ್ತಬೇಕು. ಆಗಲೇ ಮಹಡಿಯ ಮೂರನೆಯ ಪುಟ್ಟ ಕೋಣೆಯ ಮೇಲೆ ಕಣ್ಣು ಬೀಳುವುದು.

ಆ ಕೋಣೆಯನ್ನು ಬಚ್ಚಲು ಮಾಡಲು ಅನುಮತಿ ಬೇಕೇ? ಈ ಪ್ರಶ್ನೆಗೆ ಎರಡು ಉತ್ತರಗಳಿವೆ. ಎರಡನ್ನೂ ಒಂದೇ ಎಂದು ತಿಳಿದವರೇ ಹೆಚ್ಚು. ಒಂದು, ಯೋಜನಾ ಅನುಮತಿ. ಮನೆ ಹೊರಗಿನಿಂದ ಹೇಗೆ ಕಾಣುತ್ತದೆ, ಏನಕ್ಕೆ ಬಳಕೆಯಾಗುತ್ತದೆ ಎಂಬುದನ್ನು ಅದು ನೋಡುತ್ತದೆ. ಸ್ವಂತ ಮನೆಯ ಒಳಗಿನ ಬದಲಾವಣೆಗೆ ಸಾಮಾನ್ಯವಾಗಿ ಅದು ಬೇಕಿಲ್ಲ. ಸಂರಕ್ಷಿತ ಪಟ್ಟಿಯಲ್ಲಿರುವ ಕಟ್ಟಡವಾದರೆ ಒಳಗಿನ ಕೆಲಸಕ್ಕೂ ಪ್ರತ್ಯೇಕ ಒಪ್ಪಿಗೆ ಬೇಕು. ಇನ್ನೊಂದು, ಕಟ್ಟಡ ನಿಯಮಾವಳಿ. ಮನೆ ಭದ್ರವಾಗಿದೆಯೇ, ಆರೋಗ್ಯಕರವಾಗಿದೆಯೇ, ಬೆಂಕಿ ಮತ್ತು ವಿದ್ಯುತ್ತಿನಿಂದ ಸುರಕ್ಷಿತವೇ ಎಂಬುದು ಅದರ ವಿಚಾರ. ಹಳೆಯ ಬಚ್ಚಲಿನಲ್ಲೇ ಹಳೆಯ ಕಮೋಡ್ ತೆಗೆದು ಹೊಸದನ್ನು ಕೂರಿಸಿದರೆ ಈ ನಿಯಮಾವಳಿ ಹೆಚ್ಚು ತಲೆ ಹಾಕುವುದಿಲ್ಲ. ಬಚ್ಚಲೇ ಇಲ್ಲದ ಕಡೆ ಬಚ್ಚಲು ಮಾಡಿದರೆ ಖಂಡಿತ ಅನ್ವಯಿಸುತ್ತದೆ. ಹೊಸ ಕೊಳಚೆ ಕೊಳವೆ, ಹೊಸ ವಿದ್ಯುತ್ ಸಂಪರ್ಕ, ಹೊಸ ಫ್ಯಾನ್, ನೆಲದ ಮೇಲೆ ಹೊಸ ಭಾರ ಎಲ್ಲವೂ ಬಂದವಲ್ಲ.

ಇಂಗ್ಲೆಂಡಿಗೆ ಅನ್ವಯಿಸುವುದು 2010ರ ನಿಯಮಾವಳಿ. ಇದಕ್ಕೆ ಅಂಟಿಕೊಂಡು ಎ, ಬಿ, ಸಿ ಎಂದು ಅಕ್ಷರಗಳ ಹೆಸರಿನ ಮಾರ್ಗದರ್ಶಿ ಪುಸ್ತಿಕೆಗಳಿವೆ. ಎ ಭದ್ರತೆಗೆ, ಸಿ ತೇವಕ್ಕೆ, ಇ ಸದ್ದಿಗೆ, ಎಫ್ ಗಾಳಿಗೆ, ಜಿ ನೀರು ಮತ್ತು ನೈರ್ಮಲ್ಯಕ್ಕೆ, ಎಚ್ ಕೊಳಚೆಗೆ, ಪಿ ವಿದ್ಯುತ್ತಿಗೆ. ಇವನ್ನು ಅಕ್ಷರಮಾಲೆಯ ಕ್ರಮದಲ್ಲಿ ಓದಲು ಕುಳಿತರೆ ತಲೆ ಕೆಡುತ್ತದೆ. ನೀರಿನ ಹಿಂದೆ ಹೋಗುವುದು ಸುಲಭದ ದಾರಿ. ನೀರು ಎಲ್ಲಿಂದ ಹೊರಗೆ ಹೋಗುತ್ತದೆ, ಎಲ್ಲಿ ಸೋರಬಹುದು, ಆವಿಯಾಗಿ ಎಲ್ಲಿಗೆ ಏರುತ್ತದೆ, ತಂತಿಗೆ ಎಷ್ಟು ಹತ್ತಿರ ಬರುತ್ತದೆ ಎಂದು ಕೇಳುತ್ತ ಹೋದರೆ ನಿಯಮಗಳೆಲ್ಲ ತಾವಾಗಿ ಸಾಲಾಗಿ ನಿಲ್ಲುತ್ತವೆ.

ಕಮೋಡ್ ಎಲ್ಲಿ ಕೂರುತ್ತದೆ ಎಂಬುದನ್ನು ನಿರ್ಧರಿಸುವವರು ನೀವಲ್ಲ

ಕರ್ನಾಟಕದಲ್ಲಿ ಮನೆ ಕಟ್ಟಿಸಿ ಬಂದವರಿಗೆ ಇಲ್ಲಿ ಮೊದಲು ಎದುರಾಗುವ ಅಚ್ಚರಿ ನೆಲ. ನಮ್ಮಲ್ಲಿ ಬಚ್ಚಲಿನ ಕೆಳಗೆ ಕಾಂಕ್ರೀಟ್ ಚಪ್ಪಡಿ ಇರುತ್ತದೆ. ಎಷ್ಟೋ ಕಡೆ ಆ ಜಾಗದಲ್ಲಿ ಚಪ್ಪಡಿಯನ್ನೇ ತಗ್ಗಿಸಿ, ಕೊಳವೆಗಳನ್ನು ಅದರೊಳಗೆ ಮಲಗಿಸಿ, ಮೇಲೆ ವಾಟ ಕೊಟ್ಟು, ಮೂಲೆಯಲ್ಲಿ ನೀರು ಹೋಗಲು ಜಾಲರಿ ಇಡುತ್ತಾರೆ. ಬಕೆಟ್ಟಿನಿಂದ ಎಷ್ಟು ನೀರು ಚೆಲ್ಲಿದರೂ ಚಿಂತೆಯಿಲ್ಲ. ಇಂಗ್ಲೆಂಡಿನ ಹಳೆಯ ಮನೆಯ ಮಹಡಿ ಹಾಗಲ್ಲ. ಗೋಡೆಯಿಂದ ಗೋಡೆಗೆ ಮರದ ಜಂತೆಗಳು, ಅವುಗಳ ಮೇಲೆ ಹಲಗೆ, ಕೆಳಗೆ ಪ್ಲಾಸ್ಟರಿನ ಒಳಮಾಳಿಗೆ. ನೀರು ಚೆಲ್ಲಿದರೆ ಅದು ಇಳಿಯುವುದು ಕೆಳಗಿನ ಕೋಣೆಗೆ.

ಈ ಜಂತೆಗಳೇ ನಿಮ್ಮ ಬಚ್ಚಲಿನ ನಕ್ಷೆಯನ್ನು ಬರೆಯುತ್ತವೆ. ಕಮೋಡಿನಿಂದ ಹೊರಡುವ ಕೊಳವೆಯ ಒಳವ್ಯಾಸ ಸಾಮಾನ್ಯವಾಗಿ 100 ಮಿ.ಮೀ., ಹೊರಗಿನಿಂದ ಅಳೆದರೆ 110. ಮಾರ್ಗದರ್ಶಿಯ ಪ್ರಕಾರ ಒಂದೇ ಕಮೋಡಿನ ಕವಲು ಕೊಳವೆ, ಪ್ರತ್ಯೇಕ ಗಾಳಿಕೊಳವೆ ಇಲ್ಲದಿದ್ದರೆ, ಮನೆಯ ಕೊಳಚೆಯನ್ನೆಲ್ಲ ಕೆಳಗಿಳಿಸುವ ಲಂಬ ಕೊಳವೆಯವರೆಗೆ 6 ಮೀಟರ್ ಮೀರಬಾರದು. ಮೀಟರಿಗೆ ಕನಿಷ್ಠ 18 ಮಿ.ಮೀ. ವಾಟ ಇರಬೇಕು. ಮೂರು ಮೀಟರ್ ಉದ್ದಕ್ಕೆ 54 ಮಿ.ಮೀ. ಇಳಿತ. 110ಕ್ಕೆ 54 ಸೇರಿದರೆ 164. ಜಂತೆಯ ಎತ್ತರ 175 ಮಿ.ಮೀ. ಇದ್ದರೆ, ಕೊಳವೆ ಜಂತೆಗಳ ಸಮಾನಾಂತರವಾಗಿ ನಡುವಿನ ಸಂದಿಯಲ್ಲಿ ಹೋದಾಗ ಮಾತ್ರ ಹೇಗೋ ಹಿಡಿಸುತ್ತದೆ.

ಜಂತೆಗಳನ್ನು ಅಡ್ಡ ಹಾಯಬೇಕೆಂದರೆ ಆ ದಾರಿ ಮುಚ್ಚಿತೆಂದೇ ತಿಳಿಯಬೇಕು. ಜಂತೆಗೆ ತೂತು ಕೊರೆಯುವುದಕ್ಕೆ ಲೆಕ್ಕವಿದೆ: ತೂತಿನ ವ್ಯಾಸ ಜಂತೆಯ ಎತ್ತರದ ಕಾಲು ಭಾಗ ಮೀರಬಾರದು, ಎತ್ತರದ ಸರಿಮಧ್ಯದಲ್ಲೇ ಇರಬೇಕು, ಆಧಾರದಿಂದ ಜಂತೆಯ ಉದ್ದದ 0.25ರಿಂದ 0.4 ಭಾಗದೊಳಗೇ ಬರಬೇಕು. 175 ಮಿ.ಮೀ. ಜಂತೆಗೆ ಹೆಚ್ಚೆಂದರೆ 43 ಮಿ.ಮೀ. ತೂತು. ಶವರಿನ ನೀರು ಹೋಗುವ, 40 ಎಂದು ಕರೆಸಿಕೊಳ್ಳುವ ಕೊಳವೆಯೇ ಅದರಲ್ಲಿ ಕಷ್ಟದಿಂದ ತೂರುತ್ತದೆ. ಮೇಲಿನಿಂದ ಕಚ್ಚು ಹಾಕುವುದಾದರೆ ಎತ್ತರದ ಎಂಟನೇ ಒಂದು ಭಾಗದವರೆಗೆ, ಅಂದರೆ 22 ಮಿ.ಮೀ. ಒಳಗೆ, ಅದೂ ಉದ್ದದ 0.07ರಿಂದ 0.25 ಭಾಗದ ನಡುವೆ ಮಾತ್ರ. ನಲ್ಲಿ ನೀರಿನ 15 ಮಿ.ಮೀ. ತಾಮ್ರದ ಕೊಳವೆಗೆ ಅಷ್ಟು ಸಾಕು. ಕಮೋಡಿನ ಕೊಳವೆಗಾಗಿ ಜಂತೆಯನ್ನೇ ಅರ್ಧಕ್ಕೆ ಕೊಯ್ದ ಕೆಲಸಗಳು ಹಳೆಯ ಮನೆಗಳ ಹಲಗೆ ಎತ್ತಿದಾಗ ಬೇಕಾದಷ್ಟು ಸಿಗುತ್ತವೆ. ಆ ನೆಲ ಬೀಳುವುದಿಲ್ಲ, ಮೆಲ್ಲಗೆ ಕುಸಿಯುತ್ತದೆ. ಮೊದಲು ಟೈಲ್ಸ್ ಬಿರುಕು ಬಿಡುತ್ತವೆ, ಆಮೇಲೆ ಶವರಿನ ಅಂಚಿನ ಸೀಲು ಬಿಟ್ಟುಕೊಳ್ಳುತ್ತದೆ.

ಆದ್ದರಿಂದ ಅಂಗಡಿಗೆ ಹೋಗಿ ವಾಶ್ ಬೇಸಿನ್ ನೋಡುವ ಮೊದಲು ಎರಡು ವಿಷಯ ತಿಳಿದುಕೊಳ್ಳಿ. ಮನೆಯ ಕೊಳಚೆಯ ಲಂಬ ಕೊಳವೆ ಎಲ್ಲಿದೆ? ಜಂತೆಗಳು ಯಾವ ದಿಕ್ಕಿಗೆ ಓಡುತ್ತವೆ? ಎರಡನೆಯದಕ್ಕೆ ನೆಲ ಕೀಳಬೇಕಿಲ್ಲ. ಹಲಗೆಗಳು ಜಂತೆಗೆ ಅಡ್ಡಲಾಗಿರುತ್ತವೆ. ಹಲಗೆಯ ಮೇಲೆ ಮೊಳೆಗಳ ಸಾಲು ಕಾಣುವ ಕಡೆ ಕೆಳಗೆ ಜಂತೆ ಇರುತ್ತದೆ. ಲಂಬ ಕೊಳವೆ ಹೊರಗೋಡೆಗೆ ಅಂಟಿಕೊಂಡಿದ್ದು, ಕಮೋಡ್ ಅದೇ ಗೋಡೆಗೆ ಬೆನ್ನು ಕೊಟ್ಟು ಕೂತರೆ ಕೊಳವೆ ನೇರವಾಗಿ ಗೋಡೆ ತೂರಿ ಹೊರಗೆ ಹೋಗುತ್ತದೆ. ಇದಕ್ಕಿಂತ ಅಗ್ಗದ, ನೆಮ್ಮದಿಯ ವಿನ್ಯಾಸ ಇನ್ನೊಂದಿಲ್ಲ. ಕಿಟಕಿಯ ಕೆಳಗೆ ಟಬ್ ಇಟ್ಟರೆ ಚಂದ ಎಂದು ಕಮೋಡನ್ನು ಎದುರು ಗೋಡೆಗೆ ತಳ್ಳುವವರು ಆ ಚಂದಕ್ಕೆ ಸಾವಿರಗಟ್ಟಲೆ ಪೌಂಡ್ ತೆರಲು ಸಿದ್ಧರಿರಬೇಕು.

ವಾಶ್ ಬೇಸಿನ್ ಮತ್ತು ಶವರ್ ಅಷ್ಟು ಹಟಮಾರಿಗಳಲ್ಲ, ಆದರೂ ಮಿತಿಯಿದೆ. ಗಾಳಿಕೊಳವೆ ಇಲ್ಲದ 32 ಮಿ.ಮೀ. ಬೇಸಿನ್ ಕೊಳವೆ 1.7 ಮೀಟರ್ ದಾಟಬಾರದು. ಶವರ್ ಅಥವಾ ಟಬ್ಬಿನ 40 ಮಿ.ಮೀ. ಕೊಳವೆಗೆ 3 ಮೀಟರ್, 50 ಮಿ.ಮೀ. ಆದರೆ 4 ಮೀಟರ್. ಈ ಅಂಕಿಗಳ ಹಿಂದಿನ ಕಾರಣ ಸರಳ. ಪ್ರತಿ ಬಾಯಿಯ ಕೆಳಗೂ ಬಾಗಿದ ಟ್ರ್ಯಾಪಿನಲ್ಲಿ ಸ್ವಲ್ಪ ನೀರು ಸದಾ ನಿಂತಿರುತ್ತದೆ. ಚರಂಡಿಯ ವಾಸನೆಯನ್ನು ತಡೆಯುವ ಬಾಗಿಲು ಅದೇ. ಉದ್ದನೆಯ ಸಣ್ಣ ಕೊಳವೆ ತುಂಬಿ ಹರಿದಾಗ ಹಿಂದೆ ನಿರ್ವಾತ ಉಂಟಾಗಿ ಆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಬೇಸಿನ್ ಖಾಲಿಯಾಗುವಾಗ ಕೊನೆಯಲ್ಲಿ ಗೊಳಗೊಳ ಸದ್ದು ಬಂದರೆ ಅದು ಟ್ರ್ಯಾಪ್ ಬರಿದಾಗುತ್ತಿರುವ ಸದ್ದು.

ಲಂಬ ಕೊಳವೆ ತೀರ ದೂರವಿದ್ದರೆ ಮಲವನ್ನು ಅರೆದು ಸಣ್ಣ ಕೊಳವೆಯಲ್ಲಿ ದೂಡುವ ಪಂಪು ಸಿಗುತ್ತದೆ. ಅದನ್ನು ನಿಯಮ ಒಪ್ಪುತ್ತದೆ, ಆದರೆ ಒಂದು ಷರತ್ತಿನ ಮೇಲೆ: ಮನೆಯಲ್ಲಿ ಪಂಪಿನ ಹಂಗಿಲ್ಲದೆ ತಾನಾಗಿ ಹರಿಯುವ ಕಮೋಡ್ ಇನ್ನೊಂದಿರಬೇಕು. ಕೆಳಗಿನ ಹಳೆಯ ಬಚ್ಚಲನ್ನು ಒಡೆದು ಅಡುಗೆಮನೆ ದೊಡ್ಡದು ಮಾಡುವ ಆಲೋಚನೆಯಿದ್ದವರು ಇದನ್ನು ಮರೆಯುತ್ತಾರೆ. ವಿದ್ಯುತ್ ಹೋದ ದಿನ ಏನು ಗತಿ ಎಂದು ಯೋಚಿಸಿದರೆ ಷರತ್ತಿನ ಅರ್ಥ ಹೊಳೆಯುತ್ತದೆ. ನನ್ನನ್ನು ಕೇಳಿದರೆ, ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ ಆ ಯಂತ್ರ. ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸುವಷ್ಟು ಸದ್ದು ಮಾಡುತ್ತದೆ.

ಭಾರ, ತೇವ, ಸದ್ದು

ಮನೆಯ ನೆಲವನ್ನು ಚದರ ಮೀಟರಿಗೆ ಸುಮಾರು 150 ಕಿಲೋ ಚರಭಾರಕ್ಕೆ, ಅಂದರೆ ಜನ ಮತ್ತು ಸಾಮಾನುಗಳ ಭಾರಕ್ಕೆ, ಲೆಕ್ಕ ಹಾಕುವುದು ವಾಡಿಕೆ. 1.7 ಮೀಟರ್ ಉದ್ದ, 0.7 ಮೀಟರ್ ಅಗಲದ ಟಬ್ ಹಿಡಿಯುವ ಜಾಗ ಹತ್ತಿರ ಹತ್ತಿರ 1.2 ಚದರ ಮೀಟರ್. ಅದರಲ್ಲಿ 150 ಲೀಟರ್ ನೀರು, ಒಬ್ಬ ಮನುಷ್ಯ, ಟಬ್ಬಿನ ತೂಕ ಸೇರಿದರೆ 250 ಕಿಲೋ ದಾಟುತ್ತದೆ. ಅಕ್ರಿಲಿಕ್ ಟಬ್ಬಾದರೆ ಭಾರ ಹಲವು ಜಂತೆಗಳಿಗೆ ಹಂಚಿಹೋಗಿ ಗಟ್ಟಿ ನೆಲ ತಡೆದುಕೊಳ್ಳುತ್ತದೆ, ಬೇಕಾದರೆ ಜಂತೆಗೆ ಜೋಡಿ ಜಂತೆ ಕಟ್ಟುತ್ತಾರೆ. ಎರಕದ ಕಬ್ಬಿಣದ ಟಬ್ಬಿನ ಮೋಹವಿದ್ದರೆ ಮಾತ್ರ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ಲೆಕ್ಕ ಕೊಡಲಿ.

ಹಲಗೆ ಬದಲಿಸಿ ಚಿಪ್‌ಬೋರ್ಡ್ ಹಾಕಿದರೆ ಅದು ತೇವ ತಡೆಯುವ ದರ್ಜೆಯದ್ದೇ ಆಗಬೇಕು. ಅದರ ಮೇಲಿನ ಗುರುತಿನ ಅಚ್ಚು ಮೇಲ್ಮುಖವಾಗಿ ಕಾಣುವಂತೆ ಹಾಕಬೇಕೆಂದು ಸಿ ಪುಸ್ತಿಕೆ ಹೇಳುತ್ತದೆ. ತಪಾಸಣೆಗೆ ಬಂದವರು ನೋಡಲೆಂದೇ ಈ ಏರ್ಪಾಡು. ಶವರ್ ಬರುವ ಮೂಲೆಯಲ್ಲಿ ಟೈಲ್ಸ್ ಹಿಂದೆ ನೀರುನಿರೋಧಕ ಪದರ ಇರಲಿ. ಟೈಲ್ಸ್ ಮತ್ತು ಅವುಗಳ ಸಂದಿಯ ಪುಡಿ ನೀರನ್ನು ಪೂರ್ತಿ ತಡೆಯುವುದಿಲ್ಲ.

ಹೊಸದಾಗಿ ಗೋಡೆ ಎಬ್ಬಿಸುವುದಾದರೆ, ಕಮೋಡ್ ಇರುವ ಕೋಣೆಗೂ ಪಕ್ಕದ ಕೋಣೆಗೂ ನಡುವಿನ ಆ ಗೋಡೆ 40 ಡೆಸಿಬಲ್ ಸದ್ದು ತಡೆಯುವಂತಿರಬೇಕು. ಎರಡೂ ಬದಿಗೆ ಭಾರವಾದ ಪ್ಲಾಸ್ಟರ್‌ಬೋರ್ಡ್, ನಡುವೆ ಖನಿಜ ಉಣ್ಣೆ ತುಂಬಿದರೆ ಸಾಕಾಗುತ್ತದೆ. ಮಲಗುವ ಕೋಣೆಗೂ ಅದಕ್ಕೇ ಸೇರಿದ ಬಚ್ಚಲಿಗೂ ನಡುವಿನ ಗೋಡೆಗೆ ಈ ನಿಯಮ ಇಲ್ಲ. ಸದ್ದು ಮಾಡುವವರೂ ಕೇಳುವವರೂ ಒಂದೇ ಕೋಣೆಯವರಲ್ಲವೇ ಎಂಬ ತರ್ಕವಿರಬೇಕು.

ಇನ್ನೊಂದು ಮಾತು. ಹೊರಗೋಡೆಯ ಹಳೆಯ ಗಾರೆಯನ್ನು ಅರ್ಧಕ್ಕಿಂತ ಹೆಚ್ಚು ಕಿತ್ತರೆ ಶಾಖ ಉಳಿಸುವ ಬಗೆಗಿನ ಎಲ್ ಪುಸ್ತಿಕೆ ಎದ್ದು ನಿಲ್ಲುತ್ತದೆ. ಆ ಗೋಡೆಗೆ ಒಳಗಿನಿಂದ ಶಾಖನಿರೋಧಕ ಹಾಕುವ ಹೊಣೆ ಬರಬಹುದು, ಅದರ ದಪ್ಪದಿಂದ ಚಿಕ್ಕ ಕೋಣೆ ಇನ್ನೂ ಚಿಕ್ಕದಾಗುತ್ತದೆ. 2000ಕ್ಕಿಂತ ಹಿಂದಿನ ಮನೆಯಲ್ಲಿ ಒಳಮಾಳಿಗೆಯ ಉಬ್ಬುತಗ್ಗಿನ ಲೇಪದಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆಯೂ ಉಂಟು. ಕೆರೆಯುವ ಮೊದಲು ಮಾದರಿ ಪರೀಕ್ಷೆ ಮಾಡಿಸಿ.

ಆವಿ ಮತ್ತು ವಿದ್ಯುತ್

ಚಳಿಯ ದೇಶದಲ್ಲಿ ಬಿಸಿನೀರಿನ ಆವಿ ಗೋಡೆಗೆ ತಾಗಿದೊಡನೆ ನೀರಾಗುತ್ತದೆ. ವಾರಗಳಲ್ಲಿ ಕಪ್ಪು ಬೂಷ್ಟು. ಅದಕ್ಕೇ ಎಫ್ ಪುಸ್ತಿಕೆ ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್ ಕೇಳುತ್ತದೆ. ಆಗಾಗ ಓಡುವ ಫ್ಯಾನಾದರೆ ಸೆಕೆಂಡಿಗೆ 15 ಲೀಟರ್ ಗಾಳಿ ಹೊರಹಾಕಬೇಕು, ಸದಾ ಓಡುವ ಬಗೆಯದಾದರೆ ಹೆಚ್ಚಿನ ವೇಗದಲ್ಲಿ 8 ಲೀಟರ್. ತೆರೆಯುವ ಕಿಟಕಿ ಇಲ್ಲದಿದ್ದರೆ ದೀಪ ಆರಿಸಿದ ಮೇಲೂ 15 ನಿಮಿಷ ಓಡುವಂತಿರಬೇಕು. ಗಾಳಿ ಹೊರಹೋಗಲು ಒಳಬರುವ ದಾರಿಯೂ ಬೇಕು: ಬಾಗಿಲ ಕೆಳಗೆ 10 ಮಿ.ಮೀ. ಸಂದಿ. ಹೊಸ ಟೈಲ್ಸ್ ಹಾಕಿದ ಮೇಲೆ ಬಾಗಿಲು ಉಜ್ಜುತ್ತದೆ ಎಂದು ಬಡಗಿಯನ್ನು ಕರೆಸಿದಾಗಲೇ ಇದನ್ನೂ ಮಾಡಿಸಿಬಿಡಿ. ಫ್ಯಾನಿನ ಕೊಳವೆ ಕಟ್ಟಡದ ಹೊರಗೇ ಬಾಯಿ ತೆರೆಯಬೇಕು. ಅಟ್ಟದೊಳಕ್ಕೆ ಬಿಟ್ಟು ಕೈತೊಳೆದುಕೊಳ್ಳುವ ಗುತ್ತಿಗೆದಾರರಿದ್ದಾರೆ. ಛಾವಣಿಯ ಮರ ಕೊಳೆಯುವ ಹೊತ್ತಿಗೆ ಅವರು ಸಿಗುವುದಿಲ್ಲ.

ವಿದ್ಯುತ್ತಿನ ಮಟ್ಟಿಗೆ ಬಚ್ಚಲು ವಿಶೇಷ ಜಾಗ. ಟಬ್ ಅಥವಾ ಶವರ್ ಟ್ರೇಯ ಅಂಚಿನಿಂದ 0.6 ಮೀಟರ್ ದೂರ, ನೆಲದಿಂದ 2.25 ಮೀಟರ್ ಎತ್ತರದವರೆಗಿನ ಜಾಗದಲ್ಲಿ ಇರುವ ಸಂಪರ್ಕವನ್ನು ಚೂರು ಬದಲಿಸಿದರೂ ಕೌನ್ಸಿಲ್ಲಿನ, ಅಂದರೆ ಊರಾಡಳಿತದ, ಕಟ್ಟಡ ನಿಯಂತ್ರಣ ವಿಭಾಗಕ್ಕೆ ತಿಳಿಸಬೇಕು. ಹೊಸ ಸರ್ಕ್ಯೂಟ್ ಎಳೆದರೆ ಎಲ್ಲಿದ್ದರೂ ತಿಳಿಸಬೇಕು. ಬಚ್ಚಲಿನ ಎಲ್ಲ ಸರ್ಕ್ಯೂಟುಗಳಿಗೂ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಡಿ ರಕ್ಷಣೆ ಬೇಕು. ಮಲಗುವ ಕೋಣೆಯಾಗಿದ್ದಾಗ ಗೋಡೆಯಲ್ಲಿದ್ದ ಪ್ಲಗ್ ಸಾಕೆಟ್‌ಗಳು ಬಹುಪಾಲು ಹೋಗಬೇಕಾಗುತ್ತದೆ, ಏಕೆಂದರೆ ಅವು ಟಬ್ ಅಥವಾ ಶವರ್ ಟ್ರೇಯ ಅಂಚಿನಿಂದ 2.5 ಮೀಟರ್ ಆಚೆ ಇರಬೇಕು. ಸಣ್ಣ ಕೋಣೆಯಲ್ಲಿ ಅಷ್ಟು ದೂರವೆಲ್ಲಿ? ಷೇವರ್ ಸಾಕೆಟ್ ಇಟ್ಟುಕೊಳ್ಳಬಹುದು. ಗೀಸರ್ ಸ್ವಿಚ್ಚನ್ನು ಬಚ್ಚಲ ಬಾಗಿಲ ಹೊರಗೆ ಇಟ್ಟು ಅಭ್ಯಾಸವಿರುವ ನಮಗೆ ಇದರಲ್ಲಿ ಹೊಸದೇನೂ ಇಲ್ಲ.

ಇಷ್ಟೆಲ್ಲ ಇದ್ದರೂ ವಿದ್ಯುತ್ತಿನದೇ ಕಡಿಮೆ ತಲೆನೋವು. ಎನ್‌ಐಸಿಇಐಸಿ (NICEIC) ಅಥವಾ ನಾಪಿಟ್‌ (NAPIT) ನಂಥ ಯೋಜನೆಯಲ್ಲಿ ನೋಂದಾಯಿತನಾದ ಎಲೆಕ್ಟ್ರಿಷಿಯನ್ ತನ್ನ ಕೆಲಸಕ್ಕೆ ತಾನೇ ಪ್ರಮಾಣಪತ್ರ ಕೊಡಬಹುದು. ಗ್ಯಾಸ್ ಬಾಯ್ಲರ್ ಮುಟ್ಟುವವರು ಗ್ಯಾಸ್ ಸೇಫ್ ಎಂಬ ಪಟ್ಟಿಯಲ್ಲಿ ನೋಂದಣಿ ಹೊಂದಿರಬೇಕು. ನೋಂದಣಿಯಿಲ್ಲದ ಪರಿಚಿತರಿಂದ ಅಗ್ಗಕ್ಕೆ ಮಾಡಿಸಿದರೆ ಪರೀಕ್ಷೆಯ ಶುಲ್ಕ ಬೇರೆ ತೆರಬೇಕಾಗುತ್ತದೆ, ಉಳಿತಾಯ ಅಲ್ಲಿಗೇ ಸರಿಹೋಗುತ್ತದೆ.

ಹೆಲ್ತ್ ಫಾಸೆಟ್ ಎಂಬ ಪ್ರಶ್ನೆ

ನಮ್ಮವರು ಬಚ್ಚಲು ಮಾಡಿಸಿದರೆ ಕಮೋಡಿನ ಪಕ್ಕ ಕೈಶವರ್ ಬೇಕೇ ಬೇಕು. ಅಂಗಡಿಯಲ್ಲಿ ಸಿಗುತ್ತದೆ, ಪ್ಲಂಬರ್ ಅರ್ಧ ಗಂಟೆಯಲ್ಲಿ ಹಾಕಿಕೊಡುತ್ತಾನೆ. ಆದರೆ ಇದರ ಮೇಲೆ ಇನ್ನೊಂದು ಕಾನೂನಿನ ಕಣ್ಣಿದೆ: 1999ರ ನೀರು ಸರಬರಾಜು ಜೋಡಣೆಗಳ ನಿಯಮಾವಳಿ. ಮೆದುಗೊಳವೆ ಜಾರಿ ಕಮೋಡಿನ ನೀರಿಗೆ ಬಿದ್ದಿದೆ, ಅದೇ ಹೊತ್ತಿಗೆ ಬೀದಿಯ ಮುಖ್ಯ ಕೊಳವೆ ಒಡೆದು ಒತ್ತಡ ಕುಸಿದಿದೆ ಎಂದುಕೊಳ್ಳಿ. ಕಮೋಡಿನ ನೀರು ಹಿಮ್ಮುಖವಾಗಿ ಕುಡಿಯುವ ನೀರಿನ ಕೊಳವೆಗೆ ಎಳೆಯಲ್ಪಡುತ್ತದೆ. ನಿಯಮಾವಳಿ ನೀರನ್ನು ಅಪಾಯದ ಮೇಲೆ ಐದು ವರ್ಗ ಮಾಡುತ್ತದೆ. ಮಲದ ಸಂಪರ್ಕದ ನೀರು ಐದನೆಯದು, ಅತಿ ಅಪಾಯಕಾರಿ. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಜೋಡಿ ಚೆಕ್ ವಾಲ್ವ್ ಮೂರನೆಯ ವರ್ಗದವರೆಗೆ ಮಾತ್ರ ಸಾಕು. ಐದನೆಯದಕ್ಕೆ ನಲ್ಲಿಗೂ ನೀರಿಗೂ ನಡುವೆ ಗಾಳಿಯ ಅಂತರ ಬಿಟ್ಟ ಪ್ರತ್ಯೇಕ ತೊಟ್ಟಿಯಿಂದಲೇ ನೀರು ಬರಬೇಕು, ಕೆಲಸಕ್ಕೆ ಮುಂಚೆ ನೀರಿನ ಕಂಪನಿಗೆ ತಿಳಿಸಲೂ ಬೇಕು. ತಿಳಿಸಿ ಹತ್ತು ಕೆಲಸದ ದಿನಗಳೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಸಿಕ್ಕಂತೆ.

ನೇರವಾಗಿ ನಲ್ಲಿಗೆ ಜೋಡಿಸಿಕೊಂಡ ಮನೆಗಳು ಎಷ್ಟೋ ಇವೆ, ನಿಜ. ಆದರೂ ಗೋಡೆ ನೆಲ ಎಲ್ಲ ತೆರೆದಿರುವಾಗಲೇ ಪುಟ್ಟ ತೊಟ್ಟಿಗೆ, ಪಂಪಿಗೆ ಜಾಗ ಮಾಡಿಟ್ಟರೆ ಖರ್ಚು ಕಡಿಮೆ. ಟೈಲ್ಸ್ ಮುಗಿದ ಮೇಲೆ ಆ ಮಾತೇ ಬೇಡ. ಮಾಮೂಲಿ ಶವರಿನ ಮೆದುಗೊಳವೆಯೂ ಕಮೋಡಿನವರೆಗೆ ಎಟುಕದಂತೆ ಹಿಡಿಕೆ ಹಾಕಿಸಿ. ಬಿಸಿನೀರಿನ ವಿಚಾರದಲ್ಲಿ, ಟಬ್ಬಿಗೆ ಬರುವ ನೀರು 48 ಡಿಗ್ರಿ ಮೀರಬಾರದೆಂಬ ನಿಯಮ ಹೊಸ ಮನೆಗಳಿಗೆ, ಬೇರೆ ಬಳಕೆಯಿಂದ ಮನೆಯಾಗಿ ಬದಲಾದ ಕಟ್ಟಡಗಳಿಗೆ. ನಿಮ್ಮ ಹಳೆಯ ಮನೆಗೆ ಅದು ಕಡ್ಡಾಯವಲ್ಲ. ಮಕ್ಕಳು, ಮುದುಕರು ಇರುವ ಮನೆಯಲ್ಲಿ ಕಡ್ಡಾಯವಲ್ಲದಿದ್ದರೂ ನೀರಿನ ಬಿಸಿಯನ್ನು ಮಿತಿಯಲ್ಲಿಡುವ ವಾಲ್ವ್ ಹಾಕಿಸುವುದು ಲೇಸು.

ಕಾಗದಪತ್ರ

ಕೆಲಸವನ್ನು ತಪಾಸಣೆ ಮಾಡುವವರು ನಿಮ್ಮ ಕೌನ್ಸಿಲ್ಲಿನ ಕಟ್ಟಡ ನಿಯಂತ್ರಣ ವಿಭಾಗದವರು, ಇಲ್ಲವೇ ನೋಂದಾಯಿತ ಖಾಸಗಿ ಅನುಮೋದಕರು. ಅರ್ಜಿಗೆ ಎರಡು ದಾರಿ. ಪೂರ್ಣ ನಕ್ಷೆ ಕೊಟ್ಟರೆ ಅವರು ಮೊದಲೇ ಪರಿಶೀಲಿಸಿ ಒಪ್ಪಿಗೆ ಕೊಡುತ್ತಾರೆ, ಅದಕ್ಕೆ ವಾರಗಳು ಬೇಕು. ಸೂಚನಾಪತ್ರ ಮಾತ್ರ ಕೊಟ್ಟರೆ ಎರಡು ದಿನ ಬಿಟ್ಟು ಕೆಲಸ ಶುರು ಮಾಡಬಹುದು, ಆದರೆ ತಪ್ಪಿದ್ದರೆ ತಪಾಸಣೆಯಲ್ಲೇ ಹೊರಬೀಳುತ್ತದೆ. ಒಂದು ಬಚ್ಚಲಿಗೆ ಹೆಚ್ಚಿನವರು ಎರಡನೆಯದನ್ನೇ ಆರಿಸಿಕೊಳ್ಳುತ್ತಾರೆ; ಕಮೋಡ್ ಕೊಳವೆ ನೇರ ಗೋಡೆ ತೂರಿ ಹೋಗುವಂತಿದ್ದರೆ ಅದು ಸರಿಯೇ. ಜಂತೆ ಕತ್ತರಿಸುವುದು, ಗೋಡೆ ಒಡೆಯುವುದು ಇದ್ದರೆ ನಕ್ಷೆಯ ದಾರಿಯೇ ವಾಸಿ. ನೆಲ ಮುಚ್ಚುವ ಮೊದಲು ತಪಾಸಕರನ್ನು ಕರೆಯುವುದು ಮುಖ್ಯ. ಮುಚ್ಚಿದ ಮೇಲೆ ಬಂದರೆ ಬಿಚ್ಚಿ ತೋರಿಸಿ ಎನ್ನುವ ಅಧಿಕಾರ ಅವರಿಗಿದೆ.

ಫ್ಲ್ಯಾಟಿನಲ್ಲಿರುವವರಿಗೆ ಇದಕ್ಕೆ ಮೊದಲೇ ಇನ್ನೊಂದು ಬಾಗಿಲಿದೆ: ಜಾಗದ ಮೂಲ ಒಡೆಯರ ಲಿಖಿತ ಒಪ್ಪಿಗೆ. ಕೆಳಗಿನ ಮನೆಯ ಮಲಗುವ ಕೋಣೆಯ ಮೇಲೆ ನಿಮ್ಮ ಬಚ್ಚಲು ಬರುವುದನ್ನು ಗೇಣಿಪತ್ರವೇ ತಡೆದಿರಬಹುದು. ಕಟ್ಟಡ 18 ಮೀಟರ್ ಅಥವಾ ಏಳು ಮಹಡಿ ಮುಟ್ಟಿದ್ದರೆ, 2023ರ ಅಕ್ಟೋಬರ್‌ನಿಂದ ಅರ್ಜಿ ಕೌನ್ಸಿಲ್ಲಿಗಲ್ಲ, ರಾಷ್ಟ್ರಮಟ್ಟದ ಕಟ್ಟಡ ಸುರಕ್ಷತಾ ನಿಯಂತ್ರಕರಿಗೆ ಹೋಗುತ್ತದೆ. ಸ್ಕಾಟ್ಲೆಂಡಿನಲ್ಲಿ ವ್ಯವಸ್ಥೆಯೇ ಬೇರೆ; ಅಲ್ಲಿ ಅನುಮತಿಪತ್ರ ಬೇಕಾಗುವ ಕೆಲಸವನ್ನು ಅದು ಕೈಗೆ ಬರುವ ಮುನ್ನ ಶುರು ಮಾಡುವಂತಿಲ್ಲ.

ಇನ್ನು ಲಾಭನಷ್ಟ. ಮೂರು ಕೋಣೆಯ ಮನೆ ಎರಡು ಕೋಣೆಯದಾದರೆ ಮಾರಾಟದ ಬೆಲೆ ಇಳಿಯುತ್ತದೆ ಎಂದು ಏಜೆಂಟರು ಹೆದರಿಸುತ್ತಾರೆ. ಹೆದರಿಕೆಯಲ್ಲಿ ಸತ್ಯವಿದೆ, ಆದರೆ ಕೋಣೆ ಎಷ್ಟು ದೊಡ್ಡದೆಂದು ಮೊದಲು ಅಳೆಯಿರಿ. 1985ರ ವಸತಿ ಕಾಯ್ದೆ ಜನದಟ್ಟಣೆಯ ಲೆಕ್ಕದಲ್ಲಿ 50 ಚದರ ಅಡಿಗಿಂತ ಸಣ್ಣ ಕೋಣೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. 70 ಚದರ ಅಡಿಯ ಒಳಗಿದ್ದರೆ ಅರ್ಧ ಮನುಷ್ಯನ ಲೆಕ್ಕ ಮಾತ್ರ. ಅಂಥ ಕೋಣೆ ಬಚ್ಚಲಾದರೆ ನಾನು ಮರುಗುವುದಿಲ್ಲ. ಒಳ್ಳೆಯ ಎರಡನೆಯ ಕೋಣೆಯನ್ನೇ ಬಲಿಕೊಡುವುದಾದರೆ ಇನ್ನೊಮ್ಮೆ ಯೋಚಿಸಿ. ದೊಡ್ಡ ಕೋಣೆಯ ಒಂದು ಮೂಲೆಯನ್ನು ಗೋಡೆಯಿಂದ ಬೇರ್ಪಡಿಸಿ ಶವರ್ ಮತ್ತು ಕಮೋಡಿಗಷ್ಟೇ ಜಾಗ ಮಾಡಿಕೊಳ್ಳಲು ಬರುತ್ತದೆ. ಆಗ ಉಳಿದ ಕೋಣೆಗೆ ಬೆಂಕಿಯ ಸಮಯದಲ್ಲಿ ಹೊರಬರುವ ದಾರಿ ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು.

ಕೆಲಸ ಮುಗಿದ ಮೇಲೆ ಪೂರ್ಣತಾ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ. ಮನೆ ಮಾರುವಾಗ ಕೊಳ್ಳುವವರ ವಕೀಲರು ಅದನ್ನೇ ಕೇಳುತ್ತಾರೆ. ನೀವು ಕೊಳ್ಳುತ್ತಿರುವ ಮನೆಯಲ್ಲಿ ಹಿಂದಿನವರು ಪತ್ರವಿಲ್ಲದೆ ಬಚ್ಚಲು ಮಾಡಿದ್ದರೆ, 1985ರ ನವೆಂಬರ್ 11ರ ನಂತರದ ಕೆಲಸಕ್ಕೆ ಕೌನ್ಸಿಲ್ಲಿನಿಂದ ಸಕ್ರಮ ಪತ್ರ ಪಡೆಯಲು ಅವಕಾಶವಿದೆ, ಆದರೆ ಅದಕ್ಕೆ ನೆಲ ಗೋಡೆ ಬಿಚ್ಚಿ ತೋರಿಸಬೇಕಾದೀತು. ನಿಯಮ ಮೀರಿದ ಕೆಲಸವನ್ನು ಕೆಡವಿ ಸರಿಪಡಿಸಿ ಎಂದು ನೋಟಿಸ್ ಕೊಡಲು ಕೌನ್ಸಿಲ್ಲಿಗೆ ಹಿಂದೆ ಒಂದು ವರ್ಷ ಮಾತ್ರ ಕಾಲಾವಕಾಶವಿತ್ತು. 2023ರ ಅಕ್ಟೋಬರ್‌ನಿಂದ ಹತ್ತು ವರ್ಷ. ವರ್ಷ ಕಳೆದರೆ ಯಾರೂ ಕೇಳುವುದಿಲ್ಲ ಎಂದು ಈಗಲೂ ಧೈರ್ಯ ಹೇಳುವ ಗುತ್ತಿಗೆದಾರನಿಗೆ ಮುಂಗಡ ಕೊಡಬೇಡಿ.